ಬೆಳಗಿನ ಜಾವ ಪಕ್ಕದ ಮನೆಯ ಸದ್ದು: ನಿದ್ದೆ ಉಳಿಸಿಕೊಳ್ಳುವುದು ಹೇಗೆ, ಮಾತಾಡುವುದು ಹೇಗೆ

ದಿನಾ ನಾಲ್ಕೂ ಮುಕ್ಕಾಲಿಗೆ ತಲೆಯ ಮೇಲೆ 'ದಡ್' ಅಂತ ಒಂದು ಸದ್ದು. ಹಿಂದೆಯೇ ಏನನ್ನೋ ಎಳೆದ ಹಾಗೆ ಗರಗರ. ಆಮೇಲೆ ಮೌನ. ಎಂಟು ತಿಂಗಳು ನಾನು ಈ ಸದ್ದಿಗೆ ಎದ್ದೆ. ಕೊನೆಕೊನೆಗೆ ಸದ್ದು ಬರುವ ಹತ್ತು ನಿಮಿಷ ಮೊದಲೇ ಎಚ್ಚರವಾಗುತ್ತಿತ್ತು. ಇನ್ನೇನು ಬಂತು ಅಂತ ಕಾಯುತ್ತಾ ಬಿದ್ದಿರುತ್ತಿದ್ದೆ. ಸದ್ದಿಗಿಂತ ಆ ಕಾಯುವುದೇ ನನ್ನನ್ನು ಹೆಚ್ಚು ಸುಸ್ತು ಮಾಡಿತು.

ಅದೇನು ಅಂತ ಗೊತ್ತಾಗಿದ್ದು ಮೇಲಿನ ಮನೆಗೆ ಹೋಗಿ ಮಾತಾಡಿದ ದಿನ. ಅವರದು ಬೆಳಗಿನ ಪಾಳಿಯ ಕೆಲಸ. ಕುರ್ಚಿ ಎಳೆದುಕೊಂಡು ಕೂತು ಶೂ ಹಾಕಿಕೊಳ್ಳುತ್ತಿದ್ದರು, ಅಷ್ಟೇ. ಕುರ್ಚಿಯ ಕಾಲುಗಳಿಗೆ ನಾಲ್ಕು ಫೆಲ್ಟ್ (ದಪ್ಪ, ಮೆತ್ತನೆಯ ಬಟ್ಟೆಯಂಥದು) ತುಂಡು ಅಂಟಿಸಿದ್ದಕ್ಕೆ ಗರಗರ ನಿಂತಿತು. ಹತ್ತು ನಿಮಿಷದ ಕೆಲಸಕ್ಕೆ ಎಂಟು ತಿಂಗಳ ನಿದ್ದೆ ಕೊಟ್ಟಿದ್ದೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಸದ್ದೇ ಯಾಕೆ ಇಷ್ಟು ಕಾಡುತ್ತದೆ

"ಇಷ್ಟು ಸಣ್ಣ ಸದ್ದಿಗೆಲ್ಲ ಏಳುತ್ತೀಯಾ?" ಅಂತ ಮನೆಯವರೇ ಕೇಳಬಹುದು. ಇದು ನಿಮ್ಮ ದೌರ್ಬಲ್ಯ ಅಲ್ಲ. ನಿದ್ದೆ ರಾತ್ರಿಯಿಡೀ ಒಂದೇ ಥರ ಇರುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು ಬರುತ್ತದೆ. ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಬೆಳಗಿನ ಜಾವಕ್ಕೆ ಉಳಿಯುವುದು ಹಗುರ ನಿದ್ದೆ ಮತ್ತು ಕನಸಿನ ನಿದ್ದೆ. ಅಷ್ಟು ಹೊತ್ತಿಗೆ ದೇಹದ ನಿದ್ದೆಯ ಹಸಿವೂ ತಗ್ಗಿರುತ್ತದೆ. ಅದಕ್ಕೇ ರಾತ್ರಿ ಹನ್ನೆರಡಕ್ಕೆ ಗೊತ್ತೇ ಆಗದ ಸದ್ದು ಬೆಳಗ್ಗೆ ಐದಕ್ಕೆ ಎಬ್ಬಿಸುತ್ತದೆ. ಎದ್ದ ಮೇಲೆ ಮತ್ತೆ ಕಣ್ಣು ಹತ್ತುವುದೂ ಕಷ್ಟ.

ಇನ್ನೊಂದು ಕಾರಣ, ಆ ಹೊತ್ತಿನ ನಿಶ್ಶಬ್ದ. ಹಗಲಿನ ಗದ್ದಲದಲ್ಲಿ ಕರಗಿಹೋಗುವ ಸದ್ದು ಆಗ ಒಂಟಿಯಾಗಿ ಎದ್ದು ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಮಲಗುವ ಕೋಣೆಯಲ್ಲಿ ಒಂದೇ ಸಮನೆ ಇರುವ ಸದ್ದು 30 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ದಾಟಬಾರದು. ಆಗೊಮ್ಮೆ ಈಗೊಮ್ಮೆ ಬರುವ ಸದ್ದು 45 ಡೆಸಿಬೆಲ್ ದಾಟಬಾರದು. ನಾವು ಮಾಮೂಲಾಗಿ ಮಾತಾಡುವುದೇ ಸುಮಾರು 60 ಡೆಸಿಬೆಲ್. ಅಂದರೆ ಪಕ್ಕದವರು ಕಿರುಚಬೇಕಿಲ್ಲ, ನಿಮ್ಮ ತೆರೆದ ಕಿಟಕಿಯ ಹತ್ತಿರ ನಿಂತು ಸಹಜವಾಗಿ ಮಾತಾಡಿದರೂ ನಿದ್ದೆ ಹೋಗಬಹುದು. ತಪ್ಪೇ ಮಾಡದವರಿಂದಲೂ ನಿಜವಾದ ತೊಂದರೆ ಆಗುತ್ತದೆ. ಮುಂದೆ ಅವರ ಬಾಗಿಲು ತಟ್ಟುವಾಗ ಇದು ನೆನಪಿರಲಿ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಹಾಸಿಗೆ ಪಕ್ಕ ಒಂದು ಪುಟ್ಟ ಪುಸ್ತಕ ಇಡಿ. ಎಷ್ಟು ಗಂಟೆಗೆ ಸದ್ದು ಬಂತು, ಎಂಥ ಸದ್ದು, ಎಷ್ಟು ಹೊತ್ತು ಇತ್ತು, ನಿಮಗೆ ಮತ್ತೆ ನಿದ್ದೆ ಬಂತಾ, ಇಷ್ಟು ಬರೆದರೆ ಸಾಕು. ಬೆಳಗ್ಗೆ ಎದ್ದ ಮೇಲೆ ಬರೆಯಿರಿ, ಕತ್ತಲಲ್ಲಿ ಫೋನ್ ತೆಗೆಯಬೇಡಿ.

"ದಿನಾ ರಾತ್ರಿಯೆಲ್ಲಾ ಗಲಾಟೆ" ಅಂತ ಅನ್ನಿಸಿದ್ದು, ಬರೆದು ನೋಡಿದರೆ ವಾರದಲ್ಲಿ ನಾಲ್ಕು ದಿನ, ಒಂದೊಂದು ಸಲ ಎರಡೆರಡು ನಿಮಿಷ ಆಗಿರಬಹುದು. ನನಗೆ ಹೀಗೇ ಆಯಿತು. ತೊಂದರೆ ಸಣ್ಣದು ಅಂತ ಇದರ ಅರ್ಥ ಅಲ್ಲ. ಆದರೆ ಏನನ್ನು ಕೇಳಿಕೊಳ್ಳಬೇಕು ಅನ್ನುವುದು ಸ್ಪಷ್ಟವಾಗುತ್ತದೆ. ಭಾನುವಾರ ಸದ್ದು ಇಲ್ಲ ಅಂದರೆ ಅದು ಕೆಲಸಕ್ಕೆ ಹೊರಡುವ ಸದ್ದು. ದಿನವೂ ಒಂದೇ ನಿಮಿಷಕ್ಕೆ ಬಂದರೆ ಅಲಾರಂ ಇರಬಹುದು, ಟೈಮರ್ ಹಾಕಿದ ಪಂಪು ಇರಬಹುದು.

ಎರಡನೆಯದು: ಸದ್ದು ಯಾವ ದಾರಿಯಲ್ಲಿ ಬರುತ್ತಿದೆ

ಇದನ್ನು ತಿಳಿದುಕೊಳ್ಳದೆ ಎಷ್ಟು ಖರ್ಚು ಮಾಡಿದರೂ ವ್ಯರ್ಥ. ಸದ್ದಿಗೆ ಎರಡು ದಾರಿ.

ಒಂದು, ಗಾಳಿಯ ದಾರಿ. ಮಾತು, ಹಾಡು, ನಾಯಿ ಬೊಗಳುವುದು, ಬೈಕ್ ಸ್ಟಾರ್ಟ್ ಮಾಡುವುದು. ಇವು ಕಿಟಕಿ, ಬಾಗಿಲ ಸಂದು, ಗಾಳಿ ಕಿಂಡಿಗಳಿಂದ ಒಳಗೆ ಬರುತ್ತವೆ. ಇನ್ನೊಂದು, ಕಟ್ಟಡದ ದಾರಿ. ನೆಲಕ್ಕೆ ಬೀಳುವ ಹೆಜ್ಜೆ, ಎಳೆಯುವ ಕುರ್ಚಿ, ದಡಾರನೆ ಮುಚ್ಚುವ ಬಾಗಿಲು, ಅಲುಗಾಡುವ ವಾಷಿಂಗ್ ಮೆಷಿನ್. ಇವು ಕಾಂಕ್ರೀಟಿಗೇ ಪೆಟ್ಟು ಕೊಡುತ್ತವೆ. ಆ ನಡುಕ ಗೋಡೆ, ತೊಲೆ, ಪೈಪುಗಳಲ್ಲಿ ಓಡಿ ನಿಮ್ಮ ಕೋಣೆಯಲ್ಲಿ ಸದ್ದಾಗಿ ಹೊರಬರುತ್ತದೆ.

ಪರೀಕ್ಷೆ ಸುಲಭ. ಸದ್ದು ಬರುವಾಗ ಕಿಟಕಿ ಮುಚ್ಚಿ. ಚೆನ್ನಾಗಿ ಇಳಿದರೆ ಅದು ಗಾಳಿಯಲ್ಲಿ ಬಂದದ್ದು. ಏನೂ ವ್ಯತ್ಯಾಸ ಆಗದೆ, ಗೋಡೆಗೆ ಅಂಗೈ ಇಟ್ಟಾಗ ಸಣ್ಣಗೆ ನಡುಗಿದ ಹಾಗೆ ಅನ್ನಿಸಿದರೆ ಅದು ಕಟ್ಟಡದಲ್ಲಿ ಬಂದದ್ದು.

ಗಾಳಿಯಲ್ಲಿ ಬರುವುದನ್ನು ನಿಮ್ಮ ಕೋಣೆಯಲ್ಲೇ ಸಾಕಷ್ಟು ತಡೆಯಬಹುದು. ಕಟ್ಟಡದಲ್ಲಿ ಬರುವುದನ್ನು ನಿಮ್ಮ ಕಡೆಯಿಂದ ತಡೆಯುವುದು ತುಂಬಾ ಕಷ್ಟ, ದುಬಾರಿ ಕೂಡ. ಅದು ಹುಟ್ಟುವ ಜಾಗದಲ್ಲಿ ಒಂದು ರಬ್ಬರ್ ತುಂಡು ಸಾಕಾಗುತ್ತದೆ. ಆ ಜಾಗ ಇರುವುದು ಅವರ ಮನೆಯಲ್ಲಿ. ಹಾಗಾಗಿ ನೆರೆಯವರ ಜೊತೆ ಮಾತಾಡುವುದನ್ನು ನಾನು ಕೊನೆಯ ದಾರಿ ಅಂತ ನೋಡುವುದಿಲ್ಲ. ಇಂಥ ಸದ್ದಿಗೆ ಅದೇ ನಿಜವಾದ ರಿಪೇರಿ.

ಮಾತಿಗೆ ಮುಂಚೆ, ಇವತ್ತು ರಾತ್ರಿಯೇ ಮಾಡಬಹುದಾದದ್ದು

ಮೊದಲು ಸಂದುಗಳನ್ನು ಮುಚ್ಚಿ. ಗೋಡೆಯ ನೂರರಲ್ಲಿ ಒಂದು ಭಾಗದಷ್ಟು ಜಾಗ ತೆರೆದಿದ್ದರೆ ಸಾಕು, ಉಳಿದದ್ದು ಎಷ್ಟೇ ದಪ್ಪ ಇರಲಿ, ಒಟ್ಟಾರೆ ತಡೆಯುವುದು 20 ಡೆಸಿಬೆಲ್‌ಗಿಂತ ಜಾಸ್ತಿ ಆಗುವುದಿಲ್ಲ. ಕಿಟಕಿ ಚೌಕಟ್ಟಿಗೆ ಅಂಟಿಸುವ ರಬ್ಬರ್ ಪಟ್ಟಿ, ಬಾಗಿಲ ಕೆಳಗಿನ ಸಂದಿಗೆ ಸುತ್ತಿಟ್ಟ ದಪ್ಪ ಬಟ್ಟೆ, ಇವು ಅಗ್ಗ ಮತ್ತು ಫಲ ಕೊಡುತ್ತವೆ. ಸದ್ದು 10 ಡೆಸಿಬೆಲ್ ಇಳಿದರೆ ಕಿವಿಗೆ ಸುಮಾರು ಅರ್ಧ ಕಡಿಮೆಯಾದ ಹಾಗೆ ಕೇಳುತ್ತದೆ. ಗಾಳಿ ಆಡಲು ಕಿಟಕಿ ತೆರೆಯಲೇಬೇಕಿದ್ದರೆ ಸದ್ದಿನ ಕಡೆಗಿಲ್ಲದ ಕಿಟಕಿ ತೆರೆಯಿರಿ.

ಗೋಡೆಗೆ ಸ್ಪಂಜಿನ ಹಾಳೆ ಅಂಟಿಸಲು ಹೋಗಬೇಡಿ. ಅದು ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ಆಚೆಯ ಸದ್ದನ್ನು ತಡೆಯುವುದಿಲ್ಲ. ತಡೆಯಲು ಬೇಕಾದದ್ದು ತೂಕ. ಪುಸ್ತಕ ತುಂಬಿದ ಕಪಾಟನ್ನು ಆ ಗೋಡೆಗೆ ಸರಿಸಿದರೆ ಸ್ಪಂಜಿಗಿಂತ ಹೆಚ್ಚು ಉಪಯೋಗ. ಮಂಚದ ತಲೆಭಾಗ ಅವರ ಗೋಡೆಗೆ ತಾಗಿದ್ದರೆ ಗೇಣುದ್ದ ದೂರ ಸರಿಸಿ. ಸಾಧ್ಯವಾದರೆ ತಲೆಭಾಗವನ್ನು ಎದುರು ಗೋಡೆಯ ಕಡೆಗೇ ಮಾಡಿ.

ಇಯರ್ ಪ್ಲಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. "ನನಗೆ ಅದು ಕೆಲಸ ಮಾಡಲ್ಲ" ಅನ್ನುವವರಲ್ಲಿ ಹೆಚ್ಚಿನವರು ಅದನ್ನು ಸರಿಯಾಗಿ ಹಾಕಿಕೊಂಡಿರುವುದಿಲ್ಲ. ಕೈ ತೊಳೆದು, ಫೋಮ್ ಪ್ಲಗ್ ಅನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಕಿವಿಯ ದಾರಿ ನೇರವಾಗುತ್ತದೆ. ಪ್ಲಗ್ ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ, ಅದು ಉಬ್ಬಿ ಕೂರಲಿ. ತೀರಾ ಆಳಕ್ಕೆ ತಳ್ಳಬೇಡಿ, ತೆಗೆಯಲು ತುದಿ ಕೈಗೆ ಸಿಗಬೇಕು. ಪ್ಯಾಕೆಟ್ ಮೇಲೆ 33 ಡೆಸಿಬೆಲ್ ಅಂತ ಬರೆದಿದ್ದರೂ ಅದು ಪ್ರಯೋಗಾಲಯದ ಲೆಕ್ಕ, ಮನೆಯಲ್ಲಿ ಅದಕ್ಕಿಂತ ಕಡಿಮೆ ಸಿಗುತ್ತದೆ. ಕಿವಿ ನೋವು, ಸೋರುವಿಕೆ ಇದ್ದರೆ ಹಾಕಬೇಡಿ. ಪುಟ್ಟ ಮಗುವನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುವ ರಾತ್ರಿ ಒಂದು ಕಿವಿಗೆ ಮಾತ್ರ ಹಾಕಿ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರು ಎಚ್ಚರವಾಗುವಂತಿರಲಿ. ನಿಮ್ಮ ಅಲಾರಂ ಕೇಳುತ್ತದಾ ಅಂತ ರಜೆಯ ದಿನ ಒಮ್ಮೆ ಪರೀಕ್ಷಿಸಿ.

ಫ್ಯಾನಿನ ಸದ್ದಿನಂಥ ಏಕತಾನದ ಸದ್ದು ಮಾತುಕತೆಯನ್ನೂ ನೀರಿನ ಸದ್ದನ್ನೂ ಮುಚ್ಚಿಬಿಡುತ್ತದೆ. ಅದನ್ನು ಮಲಗುವಾಗಲೇ ಹಾಕಿ. ಎಚ್ಚರವಾದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ. ಜೋರಾಗಿ ಬೇಡ, ಆಚೆಯ ಸದ್ದಿನ ಅಂಚು ಮಸುಕಾಗುವಷ್ಟು ಸಾಕು. 'ದಡ್' ಅನ್ನುವ ಪೆಟ್ಟಿಗೆ ಮಾತ್ರ ಇದೂ ಇಯರ್ ಪ್ಲಗ್ಗೂ ಅಷ್ಟಾಗಿ ಆಗುವುದಿಲ್ಲ.

ಈಗ ಬಾಗಿಲು ತಟ್ಟಿ

ಎಬ್ಬಿಸಿದ ಬೆಳಗ್ಗೆಯೇ ಹೋಗಬೇಡಿ. ನಿಮಗೆ ಸಿಟ್ಟು ಇರುತ್ತದೆ, ಅವರಿಗೆ ಅವಸರ ಇರುತ್ತದೆ. ಸಂಜೆ, ಸಾಧ್ಯವಾದರೆ ಮರುದಿನ ರಜೆ ಇರುವ ಸಂಜೆ ಹೋಗಿ. ಒಬ್ಬರೇ ಹೋಗಿ. ನಾಲ್ಕು ಜನ ಸೇರಿ ಹೋದರೆ ಅವರು ಆರೋಪಿಯ ಹಾಗೆ ನಿಲ್ಲಬೇಕಾಗುತ್ತದೆ. ಇಡೀ ಕಟ್ಟಡ ನೋಡುವ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕುವುದಂತೂ ಬೇಡವೇ ಬೇಡ. ಎಲ್ಲರ ಮುಂದೆ ಹೇಳಿಸಿಕೊಂಡವರು ಸರಿಪಡಿಸುವುದಕ್ಕಿಂತ ಸಮರ್ಥಿಸಿಕೊಳ್ಳುವುದನ್ನೇ ಮೊದಲು ಮಾಡುತ್ತಾರೆ.

ದಿನವೂ ಅವರನ್ನು ಹೇಗೆ ಕರೆಯುತ್ತೀರೋ ಹಾಗೇ ಕರೆಯಿರಿ. ಅಕ್ಕ ಅನ್ನುತ್ತಿದ್ದವರು ಇವತ್ತು ಮೇಡಂ ಅಂದರೆ ಜಗಳಕ್ಕೆ ಬಂದಿದ್ದಾರೆ ಅಂತಲೇ ಅನ್ನಿಸುತ್ತದೆ. ಮೊದಲ ಮಾತು ಪ್ರಶ್ನೆಯಾಗಿರಲಿ:

"ಅಕ್ಕಾ, ಬೆಳಗ್ಗೆ ಐದಕ್ಕೆ ಸ್ವಲ್ಪ ಮುಂಚೆ ಮೇಲಿಂದ ಏನೋ ಎಳೆದ ಹಾಗೆ ಕೇಳುತ್ತೆ. ನಿಮ್ಮ ಮನೆಯಿಂದಲೇನಾ ಅಂತ ನನಗೆ ಖಾತ್ರಿ ಇಲ್ಲ. ನಿಮಗೂ ಕೇಳುತ್ತಾ?"

ಇದು ಬರೀ ಮರ್ಯಾದೆಗೆ ಹೇಳುವ ಮಾತಲ್ಲ. ಕಟ್ಟಡದಲ್ಲಿ ಓಡುವ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಮೇಲಿನದು ಅಂದುಕೊಂಡದ್ದು ಪಕ್ಕದ್ದಾಗಿರಬಹುದು, ಪೈಪಿನದ್ದಾಗಿರಬಹುದು. ಖಂಡಿತ ಅವರೇ ಅಂತ ದೂರಿ, ಆಮೇಲೆ ಅಲ್ಲ ಅಂತಾದರೆ ಆ ಮುಖ ನೋಡುವುದು ಕಷ್ಟ.

ಅವರು ಒಪ್ಪಿದರೆ ಒಂದು ಪ್ರಯೋಗ ಮಾಡಿ. ನೀವು ನಿಮ್ಮ ಕೋಣೆಯಲ್ಲಿ ನಿಲ್ಲಿ, ಫೋನಿನಲ್ಲಿ ಮಾತಾಡುತ್ತಿರಿ. ಅವರು ಬೆಳಗ್ಗೆ ಮಾಡುವುದನ್ನೆಲ್ಲ ಒಂದೊಂದಾಗಿ ಮಾಡಲಿ: ನಡೆಯಲಿ, ಬಾಗಿಲು ಹಾಕಲಿ, ಕುರ್ಚಿ ಎಳೆಯಲಿ. "ಹಾಂ, ಇದೇ" ಅಂತ ನೀವು ಹೇಳುವ ಕ್ಷಣ ಬರುತ್ತದೆ. ಆಮೇಲೆ ಜಾಗ ಬದಲಿಸಿ, ಅವರೇ ಬಂದು ನಿಮ್ಮ ಕೋಣೆಯಲ್ಲಿ ಕೇಳಿಸಿಕೊಳ್ಳಲಿ. ನಮ್ಮ ಮೇಲಿನ ಮನೆಯವರು ನನ್ನ ಮಂಚದ ಪಕ್ಕ ನಿಂತು ತಮ್ಮದೇ ಕುರ್ಚಿಯ ಸದ್ದು ಕೇಳಿ, "ಅಯ್ಯೋ, ಇಷ್ಟೊಂದಾ?" ಅಂದರು. ಅವರ ಮನೆಯಲ್ಲಿ ಅದು ಇಷ್ಟು ಕೇಳುತ್ತಲೇ ಇರಲಿಲ್ಲ. ಅಲ್ಲಿಂದ ಮುಂದೆ ನಾನು ವಾದ ಮಾಡಬೇಕಾಗಲಿಲ್ಲ.

ಆಮೇಲೆ ಒಂದೇ ಒಂದು ವಿಷಯ ಕೇಳಿಕೊಳ್ಳಿ. "ಸದ್ದು ಮಾಡಬೇಡಿ" ಅಂದರೆ ಯಾರೂ ಏನೂ ಮಾಡಲಾರರು. "ಈ ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸೋಣವಾ? ನಾನೇ ತಂದಿದ್ದೇನೆ" ಅಂದರೆ ಇಲ್ಲ ಅನ್ನುವುದು ಕಷ್ಟ. ಕೆಲಸಕ್ಕೆ ಬರುವ ಕೆಲವು ಸಣ್ಣ ಉಪಾಯಗಳು ಇಲ್ಲಿವೆ. ಅಲಾರಂ ಫೋನನ್ನು ನೆಲದ ಮೇಲೆ ಇಟ್ಟರೆ ಅದರ ನಡುಕ ಕೆಳಗಿನವರಿಗೂ ಕೇಳುತ್ತದೆ, ಮಡಚಿದ ಬಟ್ಟೆಯ ಮೇಲಿಟ್ಟರೆ ನಿಲ್ಲುತ್ತದೆ. ಮಿಕ್ಸಿಯನ್ನು ಗೋಡೆಯಿಂದ ದೂರ ಸರಿಸಿ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಬಹುದು. ವಾಷಿಂಗ್ ಮೆಷಿನ್ ಕುಣಿಯುವುದು ಎಷ್ಟೋ ಸಲ ಅದರ ನಾಲ್ಕು ಕಾಲು ಸಮ ಇಲ್ಲದ್ದರಿಂದ. ಕಾಲು ತಿರುಗಿಸಿ ಮಟ್ಟ ಮಾಡಬಹುದು. ಬಾಗಿಲ ಚೌಕಟ್ಟಿಗೆ ಚಿಕ್ಕ ರಬ್ಬರ್ ಬಿಲ್ಲೆ ಅಂಟಿಸಿದರೆ ಬಡಿತ ಹೋಗುತ್ತದೆ. ಗಟ್ಟಿ ಅಡಿಯ ಚಪ್ಪಲಿಯನ್ನು ಹೊರಬಾಗಿಲ ಹತ್ತಿರ ಹಾಕಿಕೊಳ್ಳಬಹುದು. ವ್ಯಾಯಾಮವನ್ನು ನಿಮ್ಮ ಮಲಗುವ ಕೋಣೆಯ ಮೇಲಿನಿಂದ ಹಾಲ್‌ನ ಮೇಲಕ್ಕೆ ಬದಲಿಸಬಹುದು, ಕೆಳಗೆ ದಪ್ಪ ಮ್ಯಾಟ್ ಇರಲಿ. ಬೈಕನ್ನು ಗೇಟಿನ ಆಚೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಬಹುದು. ಸ್ಪೀಕರನ್ನು ಗೋಡೆಯಿಂದ ಸರಿಸಿ, ಬೇಸ್ (ತಗ್ಗು ಸ್ವರದ ಗುಂಗುಂ ಸದ್ದು) ಇಳಿಸಬಹುದು. ಗೋಡೆ ದಾಟುವುದರಲ್ಲಿ ಬೇಸ್ ಸದ್ದೇ ಮುಂದು.

ಅವರ ಕಷ್ಟವನ್ನೂ ಕೇಳಿ. ಪಾಳಿ ಕೆಲಸ ಇರಬಹುದು, ರಾತ್ರಿ ಏಳುವ ವಯಸ್ಸಾದವರು ಇರಬಹುದು. ಕೇಳಿದರೆ ನಿಮಗೇ ಲಾಭ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಅವರ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. 1972ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಜನರಿಗೆ ಜೋರು ಸದ್ದು ಕೇಳಿಸಿದರು. ಕೆಲವರಿಗೆ ಮಾತ್ರ, "ಬೇಕಾದರೆ ಈ ಗುಂಡಿ ಒತ್ತಿ ಸದ್ದು ನಿಲ್ಲಿಸಬಹುದು" ಅಂದರು. ಬಹಳಷ್ಟು ಜನ ಒತ್ತಲೇ ಇಲ್ಲ. ಆದರೂ ಗುಂಡಿ ಇದ್ದವರು ಆಮೇಲಿನ ಕೆಲಸಗಳನ್ನು ಇಲ್ಲದವರಿಗಿಂತ ಚೆನ್ನಾಗಿ ಮಾಡಿದರು. ಸದ್ದು ಯಾವಾಗ ಬರುತ್ತದೆ ಅಂತ ಗೊತ್ತಿದ್ದಾಗಲೂ ಅದರ ಕೆಟ್ಟ ಪರಿಣಾಮ ಕಡಿಮೆ ಇತ್ತು. ನನ್ನ ಅನುಭವವೂ ಇದೇ. ಮೇಲಿನ ಮನೆಯ ಹೆಜ್ಜೆ ಸದ್ದು ಈಗಲೂ ಕೇಳುತ್ತದೆ. ಅವರು ಕೆಲಸಕ್ಕೆ ಹೊರಟರು ಅಂತ ಗೊತ್ತಾಗುತ್ತದೆ, ಮಗ್ಗುಲು ಬದಲಿಸುತ್ತೇನೆ.

ಮೊದಲ ದಿನವೇ ಸಿಡುಕಿದರೆ ವಾದಕ್ಕೆ ನಿಲ್ಲಬೇಡಿ. "ಸರಿ, ಒಂದ್ಸಲ ಯೋಚನೆ ಮಾಡಿ ನೋಡಿ, ಮುಂದಿನ ವಾರ ಮಾತಾಡೋಣ" ಅಂತ ಹೇಳಿ ಬನ್ನಿ. ಬಾಗಿಲಲ್ಲಿ ಬೇಡ ಅಂದವರು ಬಾಗಿಲು ಹಾಕಿದ ಮೇಲೆ ಕುರ್ಚಿ ಎತ್ತಿ ಇಡುವುದುಂಟು. ಸ್ವಲ್ಪ ಸುಧಾರಿಸಿದರೂ ನಾಲ್ಕು ದಿನದೊಳಗೆ ಹೋಗಿ, "ತುಂಬಾ ಉಪಕಾರವಾಯ್ತು, ಈ ವಾರ ನಿದ್ದೆ ಬಂತು" ಅಂತ ಹೇಳಿ. ಇದನ್ನು ಮರೆಯುವವರೇ ಹೆಚ್ಚು.

ಭೇಟಿಯಾಗುವುದೇ ಆಗದಿದ್ದರೆ ಚೀಟಿ ಬರೆಯಿರಿ. ಹೆಸರು ಹಾಕಿ. ಹೆಸರಿಲ್ಲದ ಚೀಟಿ ಹೆದರಿಸುತ್ತದೆ. "ನಾನು ಕೆಳಗಿನ ಮನೆಯವರು. ಬೆಳಗ್ಗೆ ಐದರ ಹೊತ್ತಿಗೆ ಕುರ್ಚಿ ಎಳೆದ ಹಾಗೆ ಕೇಳುತ್ತಿದೆ. ಬೇಕಂತ ಅಲ್ಲ ಅಂತ ಗೊತ್ತು. ಸಂಜೆ ಐದು ನಿಮಿಷ ಸಿಗಬಹುದಾ?" ಇಷ್ಟು ಸಾಲದೇ?

ನಿಲ್ಲಿಸಿ ಅಂತ ಕೇಳಬಾರದ ಸದ್ದುಗಳು

ಮಗುವಿನ ಅಳು, ಕೆಮ್ಮು, ಬರಿಗಾಲಿನ ನಡಿಗೆ, ಸ್ನಾನದ ನೀರು. ಇವನ್ನು ನಿಲ್ಲಿಸಿ ಅಂತ ಯಾರನ್ನೂ ಕೇಳಲಾಗದು. ಇಲ್ಲಿ ಇಯರ್ ಪ್ಲಗ್, ಫ್ಯಾನ್, ಬೇರೆ ಕೋಣೆ, ಇವೇ ದಾರಿ. ಗೋಡೆಯಾಚೆ ಹೊಡೆತ, ಭಯದ ಕೂಗು ಕೇಳಿದರೆ ಮಾತ್ರ ಅದನ್ನು ಗಲಾಟೆ ಅಂತ ನೋಡಬೇಡಿ. ಆಗ ಮಾಡಬೇಕಾದದ್ದು ಪೊಲೀಸರಿಗೆ ಫೋನ್.

ಪ್ರಾಣಿಗಳದ್ದು ಬೇರೆಯೇ ವಿಷಯ. ನಾಯಿ ಬೊಗಳುವುದಕ್ಕೆ ಕಾರಣ ಇರುತ್ತದೆ: ಗೇಟಿನಿಂದ ಬೀದಿ ಕಾಣುವುದು, ಒಂಟಿಯಾಗಿರುವುದು. ಕಾಣುವುದನ್ನು ಮರೆ ಮಾಡಿದರೆ, ರಾತ್ರಿ ಒಳಗೆ ಮಲಗಿಸಿದರೆ ಎಷ್ಟೋ ಇಳಿಯುತ್ತದೆ. ಹುಂಜವನ್ನು ಕತ್ತಲಲ್ಲಿಟ್ಟರೆ ಕೂಗುವುದಿಲ್ಲ ಅಂತ ನಂಬಬೇಡಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ ಹಾಗೆ, ಬೆಳಕು ಬದಲಾಗದ ಕೋಣೆಯಲ್ಲೂ ಹುಂಜ ತನ್ನ ದೇಹದ ಗಡಿಯಾರದ ಪ್ರಕಾರ ಕೂಗುತ್ತದೆ. ಗೂಡನ್ನು ನಿಮ್ಮ ಕಿಟಕಿಯಿಂದ ದೂರ ಇಡಲು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ಯಾವುದೂ ಆಗದಿದ್ದರೆ

ಎರಡು ಮೂರು ಸಲ ಮಾತಾಡಿಯೂ ಬದಲಾಗದಿದ್ದರೆ ಬರವಣಿಗೆಗೆ ಬನ್ನಿ. ಆ ಪುಟ್ಟ ಪುಸ್ತಕ ಈಗ ಬೇಕಾಗುತ್ತದೆ. ದಿನಾಂಕ, ಸಮಯ, ನೀವು ಯಾವತ್ತು ಹೋಗಿ ಮಾತಾಡಿದಿರಿ, ಅವರು ಏನಂದರು, ಎಲ್ಲ ಇರಲಿ. ಮೊದಲು ಮನೆ ಮಾಲೀಕರಿಗೋ ನಿವಾಸಿಗಳ ಸಂಘಕ್ಕೋ ಕೊಡಿ. ಇಬ್ಬರೂ ಗೌರವಿಸುವ ಮೂರನೆಯವರೊಬ್ಬರು ಕೂತು ಮಾತಾಡಿಸುವುದು ಅದಕ್ಕಿಂತಲೂ ಒಳ್ಳೆಯದು. ಆಮೇಲೆ ಸ್ಥಳೀಯ ಆಡಳಿತ, ಪೊಲೀಸ್. ಬಹಳ ಊರುಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರು ಅಥವಾ ಏಳರವರೆಗೆ ಸದ್ದಿಗೆ ಮಿತಿ ಇರುತ್ತದೆ. ನಿಮ್ಮ ಊರಿನ ನಿಯಮ ಓದಿಕೊಂಡೇ ಹೋಗಿ. ರೆಕಾರ್ಡ್ ಮಾಡುವುದಾದರೆ ನಿಮ್ಮ ಕೋಣೆಯೊಳಗಿಂದಲೇ ಮಾಡಿ, ಅವರ ಮನೆಮಾತನ್ನು ಹಿಡಿಯಲು ಹೋಗಬೇಡಿ.

ದೂರಿಗೆ ಹೋದರೆ ಗೆಲ್ಲುತ್ತೇವೆ ಅಂತ ಅಂದುಕೊಳ್ಳಬೇಡಿ. ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮೊರೀಸ್ ಅನ್ನುವ ಹುಂಜದ ಬೆಳಗಿನ ಕೂಗಿನ ವಿರುದ್ಧ ನೆರೆಯವರು ಕೋರ್ಟಿಗೆ ಹೋದರು. 2019ರ ಸೆಪ್ಟೆಂಬರಿನಲ್ಲಿ ತೀರ್ಪು ಹುಂಜದ ಪರ ಬಂತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಕಾಪಾಡುವ ಕಾನೂನೇ ಅಲ್ಲಿ ಬಂತು.

ಗೋಡೆಗೆ ಗುದ್ದುವುದು, ಪ್ರತಿಯಾಗಿ ಜೋರಾಗಿ ಹಾಡು ಹಾಕುವುದು ಮಾಡಬೇಡಿ. ನಾನು ಒಂದು ದಿನ ಪೊರಕೆಯ ಹಿಡಿಯಿಂದ ಸೂರು ಕುಟ್ಟಿದ್ದೇನೆ. ಅವರಿಗೆ ಅದು ಯಾಕೆ ಅಂತಲೂ ತಿಳಿಯಲಿಲ್ಲ, ಮನೆಯಲ್ಲಿದ್ದ ಮಗು ಎದ್ದಿತು. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿದೆ.

ಎಚ್ಚರವಾಗಿಬಿಟ್ಟರೆ

ಗಡಿಯಾರ ನೋಡಬೇಡಿ. ನೋಡಿದ ಕೂಡಲೇ ಮನಸ್ಸು "ಇನ್ನು ಎಷ್ಟು ಹೊತ್ತಿದೆ" ಅಂತ ಲೆಕ್ಕ ಶುರು ಮಾಡುತ್ತದೆ. ಇಪ್ಪತ್ತು ನಿಮಿಷದಷ್ಟು ಹೊರಳಾಡಿದ ಹಾಗೆ ಅನ್ನಿಸಿದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ನಿದ್ದೆ ತೂಗಿದಾಗ ಮತ್ತೆ ಮಲಗಿ. ಸದ್ದು ತಪ್ಪುವಂತಿಲ್ಲ ಅಂತ ಖಾತ್ರಿಯಾದರೆ ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಬೇಗ ಮಲಗುತ್ತಾ ಬನ್ನಿ, ಏಳುವ ಹೊತ್ತು ದಿನವೂ ಒಂದೇ ಇರಲಿ. ವಾರಕ್ಕೆ ಮೂರು ದಿನವಾದರೂ ನಿದ್ದೆ ಕೆಡುವುದು ಮೂರು ತಿಂಗಳು ನಡೆದಿದ್ದರೆ ವೈದ್ಯರ ಹತ್ತಿರ ಹೋಗಿ. ಸದ್ದು ನಿಂತರೂ ನಿದ್ದೆ ಬಾರದ ಅಭ್ಯಾಸ ಉಳಿದುಬಿಡಬಹುದು. ಅದಕ್ಕೆ ಗುಳಿಗೆಗಿಂತ ಮೊದಲು ಕೊಡುವ, ಮಾತು ಮತ್ತು ಅಭ್ಯಾಸದ ಚಿಕಿತ್ಸೆ ಇದೆ.

ಕೊನೆಗೊಂದು ಸಣ್ಣ ವಿಷಯ. ಫೆಲ್ಟ್ ತುಂಡು, ರಬ್ಬರ್ ಬಿಲ್ಲೆ ಎಲ್ಲ ಸವೆಯುತ್ತವೆ, ಉದುರುತ್ತವೆ. ಕೆಲವು ತಿಂಗಳಿಗೊಮ್ಮೆ ನೋಡಬೇಕು. ಕಳೆದ ತಿಂಗಳು ಒಂದು ಬೆಳಗ್ಗೆ ಮತ್ತೆ ಗರಗರ ಕೇಳಿತು. ಈ ಸಲ ನಾನು ಕಾಯಲಿಲ್ಲ. ಸಂಜೆ ಮೇಲೆ ಹೋದೆ, ಇಬ್ಬರೂ ಸೇರಿ ಕುರ್ಚಿ ತಿರುಗಿಸಿ ನೋಡಿದೆವು. ಒಂದು ಕಾಲಿನ ತುಂಡು ಬಿದ್ದುಹೋಗಿತ್ತು. ಹೊಸದು ಅಂಟಿಸಿ, ಉಳಿದ ಪ್ಯಾಕೆಟ್ ಅಲ್ಲೇ ಕೊಟ್ಟು ಬಂದೆ.